ಕೀಳದೆ ಬಿಟ್ಟ ಶುಂಠಿ

ಹೋದ ತಿಂಗಳು ಅತ್ತೆಯನ್ನು ಕರೆದುಕೊಂಡು ಸಾಗರದ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಸಾಗರ ಮುಟ್ಟುವ ಸ್ವಲ್ಪ ಮೊದಲು ರಸ್ತೆ ಬದಿಯ ಬಯಲಿನಲ್ಲಿ ಯಾರೋ ಶುಂಠಿ ಹರವಿದ್ದರು. ಹೆಂಗಸರು ಸಾಲಾಗಿ ಕುಳಿತು ಸಿಪ್ಪೆ ಕೆರೆಯುತ್ತಿದ್ದರು. ಘಾಟು ಕಿಟಕಿಯಿಂದ ನುಗ್ಗಿ ಇಡೀ ಬಸ್ಸನ್ನು ತುಂಬಿತು. ಮುಂದಿನ ಸೀಟಿನವರೊಬ್ಬರು, "ಆಹಾ, ಈಗೊಂದು ಟೀ ಸಿಕ್ಕಿದ್ರೆ" ಎಂದರು. ಅತ್ತೆ ಮೂಗಿಗೆ ಸೆರಗು ಹಿಡಿಯಲಿಲ್ಲ, ಕಪ್ಪು ಕನ್ನಡಕ ಹಾಕಿಕೊಂಡು ನೆಟ್ಟಗೆ ಮುಂದೆ ನೋಡುತ್ತ ಕುಳಿತಿದ್ದರು. ಮುಖ ತಿರುಗಿಸಿದ್ದು ನಾನು. ನಾವು ಶುಂಠಿ ಬೆಳೆದದ್ದು ಒಂದೇ ಒಂದು ಸಲ. ಆ ಒಂದು ಬೆಳೆ ನಮ್ಮ ಮನೆಗೆ ಏನು ಮಾಡಿ ಹೋಯಿತು ಎಂಬುದನ್ನು ನಾನು ಇನ್ನೂ ಮರೆತಿಲ್ಲ.

ನಮ್ಮ ಮನೆ ಇರುವುದು ಹುಂಚದಿಂದ ಸ್ವಲ್ಪ ಒಳಗೆ. ಜೈನರ ಮನೆ. ನಾನು ಮೇಳಿಗೆಯಿಂದ ಸೊಸೆಯಾಗಿ ಬಂದವಳು. ತವರಿನಲ್ಲೂ ನೇಮನಿಷ್ಠೆ ಇತ್ತು, ಆದರೆ ಅತ್ತೆ ಚಂದ್ರಮತಿಯವರ ಮುಂದೆ ಅದೆಲ್ಲ ಮಕ್ಕಳಾಟ. ನೆಲದೊಳಗೆ ಬೆಳೆಯುವ ಯಾವ ಗೆಡ್ಡೆಯೂ ಅವರ ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಆಲೂಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಬಿಡಿ, ಹಸಿ ಶುಂಠಿಯೂ ಇಲ್ಲ. ಒಣಗಿದ ಶುಂಠಿಯಾದರೆ ಕಷಾಯಕ್ಕೆ ಆದೀತು. ಗೆಡ್ಡೆ ಕೀಳುವಾಗ ಮಣ್ಣಿನಲ್ಲಿರುವ ಎಷ್ಟೋ ಜೀವ ಸಾಯುತ್ತವೆ, ಗೆಡ್ಡೆಯ ಒಳಗೇ ಲೆಕ್ಕವಿಲ್ಲದಷ್ಟು ಜೀವ ಇರುತ್ತವೆ ಎನ್ನುವುದು ಅವರ ನಂಬಿಕೆ. ನನ್ನ ಯಜಮಾನರು ಧರಣೇಂದ್ರ, ಅವರ ಒಬ್ಬನೇ ಮಗ, ಪೇಟೆಗೆ ಹೋದಾಗ ಹೋಟೆಲಿನಲ್ಲಿ ಈರುಳ್ಳಿ ಬಜ್ಜಿ ಹೊಡೆದು ಏಲಕ್ಕಿ ಜಗಿಯುತ್ತ ಮನೆಗೆ ಬರುತ್ತಿದ್ದರು. ಅತ್ತೆಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಏಲಕ್ಕಿ ವಾಸನೆ ಬಂದ ದಿನ, "ಇವತ್ತು ಪೇಟೆ ಜೋರಿತ್ತು ಕಾಣ್ತದೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು.

ಮನೆಯ ಮೇಲ್ಗಡೆ ನಮ್ಮದೊಂದು ಮಕ್ಕಿ ಗದ್ದೆ ಇದೆ. ಮಳೆ ನೀರನ್ನೇ ನಂಬಿಕೊಂಡ ಗದ್ದೆ, ಭತ್ತ ಬೆಳೆದರೆ ಊಟಕ್ಕೆ ಸಾಲುತ್ತಿತ್ತು, ಮಾರುವುದಕ್ಕೆ ಉಳಿಯುತ್ತಿರಲಿಲ್ಲ. ನಾವು ಶುಂಠಿ ಹಾಕಿದ್ದಕ್ಕೆ ಹಿಂದಿನ ವರ್ಷ ಶುಂಠಿಗೆ ಯಾರೂ ಕಂಡು ಕೇಳರಿಯದ ರೇಟು ಬಂತು. ಹೊಸನಗರದ ಕಡೆ ಒಬ್ಬರು ಹೊಸ ಟ್ರ್ಯಾಕ್ಟರ್ ತಂದರು, ಇನ್ನೊಬ್ಬರು ಮನೆಗೆ ಟೈಲ್ಸ್ ಹಾಕಿಸಿದರು. ಮದುವೆಮನೆಗೆ ಹೋದರೂ ಶುಂಠಿ ಮಾತು, ಸಾವಿನ ಮನೆಗೆ ಹೋದರೂ ಶುಂಠಿ ಮಾತು. ಶುಂಠಿ ಹಾಕದವನು ದಡ್ಡ ಎಂದು ಬಾಯಿ ಬಿಟ್ಟು ಯಾರೂ ಹೇಳಲಿಲ್ಲ, ಆದರೆ ನೋಡುವ ನೋಟದಲ್ಲಿ ಅದು ಇರುತ್ತಿತ್ತು. ಇವರು ಬಿತ್ತನೆ ಶುಂಠಿಯನ್ನು ಬಂಗಾರದ ರೇಟಿಗೆ ತಂದರು. ಜೆಸಿಬಿ ಬಂದು ಮಕ್ಕಿ ಗದ್ದೆಯ ಹಾಳಿ ಬದುಗಳನ್ನೆಲ್ಲ ನೆಲಸಮ ಮಾಡಿ ಕಾಲುವೆ ತೆಗೆಯಿತು. ಮೊದಲ ಮಳೆ ಬೀಳುತ್ತಿದ್ದ ಹಾಗೆ ಏರುಮಡಿ ಎದ್ದವು.

ಅತ್ತೆ ಬೇಡ ಎನ್ನಲಿಲ್ಲ. ಗದ್ದೆ ಮಗನ ಹೆಸರಿನಲ್ಲಿತ್ತು, ಸಂಸಾರ ನಡೆಸುವವನು ಅವನು. ಆದರೆ ನಾಟಿ ಶುರುವಾದ ದಿನ ಬಸದಿಗೆ ಹೋಗಿ ಬಂದವರು, ನಾನು ಕೊಟ್ಟ ಕಾಫಿಯನ್ನು ಒಂದು ಗುಟುಕು ಬಾಯಿಗಿಡುವ ಮೊದಲೇ ಕೆಳಗಿಟ್ಟರು.

"ಬೆಲ್ಲ ಹಾಕಿದ್ದೀಯಾ?"

"ಯಾವತ್ತಿನ ಹಾಗೇ ಹಾಕಿದ್ದೀನಿ ಅತ್ತೆ. ಯಾಕೆ?"

"ಇವತ್ತಿಂದ ಸಿಹಿನೇ ಬೇಡ. ನಿಯಮ ತಗೊಂಡಿದ್ದೀನಿ."

ನಮ್ಮಲ್ಲಿ ಹೀಗೆ ನಿಯಮ ತೆಗೆದುಕೊಳ್ಳುವುದು ಹೊಸತಲ್ಲ. ಇಷ್ಟು ದಿನ ತುಪ್ಪ ಬಿಟ್ಟೆ, ಹಾಲು ಬಿಟ್ಟೆ, ಉಪ್ಪು ಬಿಟ್ಟೆ ಎಂದು ದೇವರ ಮುಂದೆ ಹೇಳಿಕೊಳ್ಳುತ್ತಾರೆ. ಅವಧಿ ಮುಗಿಯುವವರೆಗೆ ಅದನ್ನು ಮುರಿಯುವಂತಿಲ್ಲ. ಎಷ್ಟು ದಿನಕ್ಕೆ ಎಂದು ಕೇಳಿದೆ.

"ಶುಂಠಿ ನಮ್ಮ ಗದ್ದೆಯಿಂದ ಖಾಲಿ ಆಗೋವರೆಗೆ. ಅವನು ಮಾಡೋದನ್ನ ಅವನು ಮಾಡ್ಲಿ. ನನ್ನ ಪಾಲಿಂದು ನಾನು ಮಾಡ್ತೀನಿ."

ಅತ್ತೆಗೆ ಸಿಹಿ ಎಂದರೆ ಪ್ರಾಣ. ಬೇರೆ ಯಾವ ಆಸೆಯೂ ಇರಲಿಲ್ಲ ಆ ಹೆಂಗಸಿಗೆ. ಸೀರೆ ಬೇಡ, ಪ್ರಯಾಣ ಬೇಡ, ಟಿವಿ ಬೇಡ. ಮಧ್ಯಾಹ್ನ ಊಟವಾದ ಮೇಲೆ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು ಜಗಲಿಯ ತುದಿಯಲ್ಲಿ ಕುಳಿತರೆ ಮುಖ ನೋಡಬೇಕಿತ್ತು. ಅದನ್ನೇ ಬಿಟ್ಟರು. ನಾನು ಇವರಿಗೆ ಹೇಳಿದೆ. ಇವರು ಒಂದು ಕ್ಷಣ ಪೆಚ್ಚಾದರು, ಆಮೇಲೆ ನಕ್ಕು, "ಜನವರಿ ಒಳಗೆ ಕಿತ್ತು ಮುಗಿಸ್ತೀವಿ ಬಿಡೆ. ಅಮ್ಮಂಗೆ ಒಂದು ಡಬ್ಬ ಬೆಲ್ಲ ತಂದು ಕೊಟ್ರಾಯ್ತು" ಎಂದರು. ನನಗೂ ಹಾಗೇ ಅನ್ನಿಸಿತು. ಒಂದು ಬೆಳೆಯ ಕಾಲ ತಾನೇ, ಕಳೆದು ಹೋಗುತ್ತದೆ.

ಬೆಳೆ ಚೆನ್ನಾಗಿ ಬಂತು. ಅದೇ ಗ್ರಹಚಾರ. ನಮಗೆ ಮಾತ್ರ ಚೆನ್ನಾಗಿ ಬಂದಿದ್ದರೆ ಸರಿ, ಎಲ್ಲರಿಗೂ ಚೆನ್ನಾಗಿ ಬಂದಿತ್ತು. ಸಾಗರದಿಂದ ತೀರ್ಥಹಳ್ಳಿಯವರೆಗೆ ಬಸ್ಸಿನಲ್ಲಿ ಕುಳಿತು ನೋಡಿದರೆ ಭತ್ತದ ಗದ್ದೆ ಹುಡುಕಬೇಕಿತ್ತು. ಕಂಡಲ್ಲೆಲ್ಲ ಶುಂಠಿಯ ಹಸಿರು. ಹೊರಗಿನವರು ಬಂದು ಗುತ್ತಿಗೆಗೆ ಜಾಗ ಹಿಡಿದು ಹಾಕಿದ್ದು ಬೇರೆ. ಇದನ್ನೆಲ್ಲ ನೋಡಿ ನಾನು ಒಂದು ದಿನ, "ಇಷ್ಟು ಶುಂಠಿ ಯಾರು ತಿಂತಾರ್ರೀ? ನಾವಂತೂ ತಿನ್ನೋದಿಲ್ಲ" ಎಂದೆ. ಇವರು, "ನಾವೊಬ್ರು ಹಾಕದಿದ್ರೆ ರೇಟು ನಿಲ್ತಿತ್ತಾ? ಸಮುದ್ರಕ್ಕೆ ಒಂದು ಚೊಂಬು ನೀರು ಹಾಕಿದ್ರೂ ಅಷ್ಟೇ, ತೆಗೆದ್ರೂ ಅಷ್ಟೇ" ಎಂದರು. ಮಾತು ಸರಿಯಾಗಿಯೇ ಇತ್ತು. ಪ್ರತಿ ಮನೆಯಲ್ಲೂ ಅದೇ ಮಾತು ಆಡಿಕೊಂಡೇ ಎಲ್ಲರೂ ಹಾಕಿದ್ದರು.

ಚಳಿಗಾಲದಲ್ಲಿ ಸೊಪ್ಪು ಒಣಗಿ ಬಿತ್ತು. ಕೋಣಂದೂರಿನ ಶುಂಠಿ ವ್ಯಾಪಾರಿ ಶ್ರೀಕಾಂತ ಬೈಕಿನಲ್ಲಿ ಬಂದ. ಒಳ್ಳೆಯ ಮನುಷ್ಯ, ಸುಳ್ಳು ಹೇಳಿ ಗೊತ್ತಿಲ್ಲದವನು. ಗದ್ದೆಯಲ್ಲಿ ಎರಡು ಬುಡ ಅಗೆದು ನೋಡಿ, "ಮಾಲು ಫಸ್ಟ್ ಕ್ಲಾಸ್ ಇದೆ ಧರಣೇಂದ್ರಣ್ಣ. ರೇಟು ಮಾತ್ರ ಕೇಳ್ಬೇಡಿ" ಎಂದ. ಕೇಳಿದಾಗ ಹೇಳಿದ.

"ಈಗ ಕಿತ್ರೆ ಕಿತ್ತ ಕೂಲಿನೂ ಹುಟ್ಟಲ್ಲ" ಎಂದ ಶ್ರೀಕಾಂತ. "ಆಳು, ಚೀಲ, ತೊಳೆಯೋದು, ಗಾಡಿ ಬಾಡಿಗೆ, ಎಲ್ಲ ಸೇರಿದ್ರೆ ನೀವೇ ಕೈಯಿಂದ ಹಾಕ್ಬೇಕು. ನಂಗೆ ಕಮಿಷನ್ ಸಿಗ್ತದೆ, ಹಂಗಂತ ನಿಮಗೆ ಕೀಳಿ ಅಂತ ಹೇಳೋಕೆ ಮನಸ್ಸು ಬರಲ್ಲ."

ಆ ದಿನ ಇವರು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆಗ ನನಗೆ ಗಂಡನ ಮೇಲೆ ಹೆಮ್ಮೆಯಾಗಿತ್ತು. ಅಕ್ಕಪಕ್ಕದವರೆಲ್ಲ ಹಾಕಿದ ಬಂಡವಾಳ ನೆನೆಸಿಕೊಂಡು, ಬಂದಷ್ಟು ಬರಲಿ ಎಂದು ಕಿತ್ತು, ಕೊನೆಗೆ ಕೂಲಿಗೂ ಸಾಲದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಇವರು ಹಾಗೆ ಮಾಡಲಿಲ್ಲ. "ಬೀಜಕ್ಕೆ ಹಾಕಿದ್ದು ಹೋಯ್ತು. ಗೊಬ್ಬರ, ಜೆಸಿಬಿ, ಅದೂ ಹೋಯ್ತು. ಕಿತ್ರೂ ವಾಪಸ್ ಬರಲ್ಲ, ಬಿಟ್ರೂ ಬರಲ್ಲ. ಅದನ್ನ ಈಗ ನೆನೆಸ್ಕೊಳ್ಳೋದೇ ತಪ್ಪು. ನಾಳೆ ಗುದ್ದಲಿ ಹಿಡಿದ್ರೆ ನಾಳೆಯ ಖರ್ಚು ಹುಟ್ತದಾ? ಹುಟ್ಟಲ್ಲ ಅಂದ್ರೆ ನಿಲ್ಲಿಸ್ಬೇಕು. ಅಷ್ಟೇ ಪ್ರಶ್ನೆ" ಎಂದರು. ಶ್ರೀಕಾಂತ ತಲೆದೂಗಿದ. ಶುಂಠಿಯನ್ನು ಮಣ್ಣಿನಲ್ಲೇ ಬಿಟ್ಟರೆ ಕೆಡುವುದಿಲ್ಲ, ಮಳೆ ಬಿದ್ದಾಗ ಮತ್ತೆ ಚಿಗುರುತ್ತದೆ, ಮಳೆಗಾಲದಲ್ಲಿ ಹಳೆ ಶುಂಠಿ ಎಂದು ಅದಕ್ಕೆ ಬೇರೆಯೇ ರೇಟು ಸಿಗುತ್ತದೆ. ನಮ್ಮ ಕಡೆ ಹಾಗೆ ಬಿಡುವುದು ಇದ್ದದ್ದೇ.

ಅತ್ತೆ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಹಂಗಾದ್ರೆ ಈ ಸಲ ಕೀಳದಿಲ್ವಾ ಧರಣ?"

ಇವರ ಮುಖ ಇಳಿಯಿತು. ನಿಯಮದ ನೆನಪು ಆಗ ಬಂದಿರಬೇಕು. "ಇಲ್ಲಮ್ಮ. ಮಳೆಗಾಲಕ್ಕೆ ನೋಡಣ."

"ಆಯ್ತು" ಎಂದು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಹಾಲು ಕಾಯಿಸುತ್ತಿದ್ದರು. "ಅತ್ತೆ, ನೀವು ಜನವರಿ ಅಂದ್ಕೊಂಡು ತಾನೇ ನಿಯಮ ತಗೊಂಡಿದ್ದು? ಈಗ ವಿಷಯವೇ ಬೇರೆ ಆಯ್ತಲ್ಲ. ಬಸದಿಗೆ ಹೋಗಿ ಹೇಳ್ಕೊಂಡು ಬಿಡಿಸ್ಕೊಂಡು ಬನ್ನಿ" ಎಂದೆ.

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. "ರೇಟು ಇಳೀತು ಅಂತ ನಿಯಮನೂ ಇಳೀತದಾ ಮಾರಾಯ್ತಿ?" ಎಂದು ಹಾಲಿನ ಪಾತ್ರೆ ಇಳಿಸಿದರು.

ಆ ಬೇಸಿಗೆಯಲ್ಲಿ ಗದ್ದೆ ಖಾಲಿ ಇದ್ದ ಹಾಗೇ ಕಾಣುತ್ತಿತ್ತು. ದಾರಿಯಲ್ಲಿ ಹೋಗುವವರಿಗೆ ಒಣಗಿದ ಮಡಿ ಬಿಟ್ಟರೆ ಏನೂ ತೋರದು. ಬಿಸಿಲಿಗೆ ಗೆಡ್ಡೆ ಒಣಗಬಾರದೆಂದು ಸೊಪ್ಪು ಹೊದಿಸಿದೆವು, ಆಗಾಗ ಮನೆ ಬಾವಿಯಿಂದ ಪೈಪು ಎಳೆದು ನೀರು ಬಿಟ್ಟೆವು. ಹಂದಿ ನುಗ್ಗದ ಹಾಗೆ ಬೇಲಿ ಬಿಗಿ ಮಾಡಿದೆವು. ನಿಲ್ಲಿಸಿದ ಬೆಳೆಗೂ ಖರ್ಚು ನಿಲ್ಲುವುದಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಆಗ. ಅಕ್ಷಯ ತದಿಗೆ ಬಂತು. ನಮ್ಮ ಆದಿನಾಥ ಸ್ವಾಮಿ ದೀರ್ಘ ಉಪವಾಸದ ನಂತರ ಮೊದಲು ಸ್ವೀಕರಿಸಿದ್ದು ಕಬ್ಬಿನ ಹಾಲು, ಆ ನೆನಪಿಗೆ ಅವತ್ತು ಬಸದಿಯ ಹೊರಗೆ ಬಂದವರಿಗೆಲ್ಲ ಕಬ್ಬಿನ ಹಾಲು ಕೊಡುತ್ತಾರೆ. ವರ್ಷವಿಡೀ ಅತ್ತೆ ಕಾಯುತ್ತಿದ್ದ ದಿನ ಅದು. ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಕಣ್ಣಿಗೆ ಒತ್ತಿಕೊಂಡರು, ನನ್ನ ಕೈಗೆ ಕೊಟ್ಟರು. "ಕುಡಿ, ಚೆಲ್ಲಬಾರದು" ಎಂದರು. ನನ್ನದನ್ನು ಆಗಲೇ ಕುಡಿದಿದ್ದೆ. ಅವರದನ್ನೂ ಕುಡಿದೆ. ಅಷ್ಟು ಕಷ್ಟಪಟ್ಟು ನಾನು ಜೀವನದಲ್ಲಿ ಏನನ್ನೂ ನುಂಗಿಲ್ಲ. ಇವರು ಸ್ವಲ್ಪ ದೂರದಲ್ಲಿ ನಿಂತು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುವವರಂತೆ ಬಗ್ಗಿದ್ದರು.

ಮಳೆ ಹಿಡಿಯಿತು. ಹಳೆ ಗೆಡ್ಡೆ ಮತ್ತೆ ಚಿಗುರಿತು. ಆಷಾಢದಲ್ಲಿ ಶ್ರೀಕಾಂತನ ಫೋನು ಬಂತು. ಇವರು ಸ್ಪೀಕರ್ ಹಾಕಿ ಮಾತಾಡುತ್ತಿದ್ದುದರಿಂದ ನಮಗೆಲ್ಲ ಕೇಳಿಸಿತು.

"ಧರಣೇಂದ್ರಣ್ಣ, ಹಳೆ ಶುಂಠಿಗೆ ಸ್ವಲ್ಪ ಚೇತರಿಕೆ ಬಂದಿದೆ. ಈಗ ಕೊಟ್ರೆ ಕೂಲಿ-ಪಾಲಿ ಎಲ್ಲ ಕಳೆದು ಕೈಗೆ ಒಂದಿಷ್ಟು ಉಳೀತದೆ. ತುಂಬ ಅಲ್ಲ, ಆದ್ರೆ ಉಳೀತದೆ. ಕಿತ್ಬಿಡಿ."

ನಾನು ಅತ್ತೆಯ ಮುಖ ನೋಡಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿದ್ದರು.

"ಬೀಜದ ದುಡ್ಡಾದ್ರೂ ಬರ್ಲಿ ಮಾರಾಯ" ಎಂದರು ಇವರು. "ಎಷ್ಟು ಸುರಿದಿದ್ದೀನಿ ಅದಕ್ಕೆ. ಇನ್ನೂ ಏರ್ತದೆ ಅಂತಾರೆ. ಶ್ರಾವಣ ಕಳೀಲಿ."

"ಮಳೆ ಹೆಂಗಿದೆ ನೋಡ್ತಿದೀರಲ್ಲ. ಕಾದಷ್ಟೂ ಭಯ."

"ನೋಡಣ."

ಫೋನು ಇಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. "ಬೀಜದ್ದು ಹೋಯ್ತು, ಅದನ್ನ ನೆನೆಸ್ಕೊಳ್ಳೋದೇ ತಪ್ಪು ಅಂತ ನೀವೇ ಹೇಳಿದ್ರಲ್ಲ ಅವತ್ತು? ನಾಳೆಯ ಖರ್ಚು ಹುಟ್ತದಾ ಅಂತಷ್ಟೇ ಕೇಳ್ಬೇಕು ಅಂದ್ರಿ. ಈಗ ಹುಟ್ತದೆ ಅಂತಿದ್ದಾನಲ್ಲ ಅವ್ನು."

"ಅವತ್ತು ಬೇರೆ, ಇವತ್ತು ಬೇರೆ" ಎಂದು ರೇಗಿದರು. "ಒಂದು ವರ್ಷ ಕಾದಿದ್ದು ಇಷ್ಟಕ್ಕೇನಾ? ಊರವರೆಲ್ಲ ಕಿತ್ತು ಕೈಸುಟ್ಕೊಂಡಾಗ ನಾನೊಬ್ಬನೇ ನಿಲ್ಸಿದ್ದು. ಈಗ ಚಿಲ್ಲರೆಗೆ ಕೊಟ್ರೆ ಅವರೂ ನಾನೂ ಒಂದೇ ಆಗ್ತೀವಿ."

ಆ ಮನುಷ್ಯನ ತಲೆಯಲ್ಲಿ ಏನಾಗಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸರಿಯಾದ ಕಾಲಕ್ಕೆ ನಿಲ್ಲಿಸಿದ ಜಾಣತನವೇ ಇವರನ್ನು ಹಿಡಿದುಕೊಂಡುಬಿಟ್ಟಿತು. ಡಿಸೆಂಬರಿನಲ್ಲಿ ಕೇಳಿಕೊಂಡ ಪ್ರಶ್ನೆಯನ್ನು ಪ್ರತಿ ತಿಂಗಳೂ ಕೇಳಿಕೊಳ್ಳಬೇಕು, ಉತ್ತರ ಬದಲಾದ ದಿನ ನಾವೂ ಬದಲಾಗಬೇಕು. ಇವರು ಒಮ್ಮೆ ಕೇಳಿ, ಒಮ್ಮೆ ಗೆದ್ದು, ಅದನ್ನೇ ಕೈಬಿಡದೆ ಕುಳಿತರು. ನಾನು ಸಮಾಧಾನದಲ್ಲಿ ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಅತ್ತೆ ಆಗಲೂ ಒಂದು ಮಾತು ಆಡಲಿಲ್ಲ. "ಕಿತ್ಬಿಡೋ ಧರಣ, ನಂಗೋಸ್ಕರ" ಎಂದು ಒಂದೇ ಒಂದು ಸಲ ಅವರು ಹೇಳಿದ್ದರೆ ಇವರು ಅವತ್ತೇ ಆಳು ಕರೆಯುತ್ತಿದ್ದರು, ನನಗೆ ಗೊತ್ತು. ಆದರೆ ಹಾಗೆ ಕೇಳುವ ಜನ ಅವರಲ್ಲ. ತಾನು ಬಿಟ್ಟದ್ದನ್ನು ಕಂಡು ಮಗ ತಾನಾಗಿ ಅರ್ಥ ಮಾಡಿಕೊಳ್ಳಲಿ ಎಂದು ಕಾದರು. ಮಗ ರೇಟು ಕಾದ. ಇಬ್ಬರಿಗೂ ಊಟ ಬಡಿಸುತ್ತಿದ್ದವಳು ನಾನು.

ಶ್ರಾವಣದ ಮಳೆ ಒಂದೇ ಸಮನೆ ಹಿಡಿದುಕೊಂಡಿತು. ಗದ್ದೆಯ ಕೆಳಮೂಲೆಯಲ್ಲಿ ಎಲೆಗಳು ಹಳದಿಯಾದವು. ಇವರು ಔಷಧಿ ಹೊಯ್ದರು. ಹಳದಿ ಮೇಲೆ ಹತ್ತಿತು. ಸೊಪ್ಪು ಹಿಡಿದು ಎಳೆದರೆ ಬುಡದಿಂದ ಸಲೀಸಾಗಿ ಕಿತ್ತು ಬರುತ್ತಿತ್ತು, ಕೆಳಗೆ ಗೆಡ್ಡೆ ನೀರಾಗಿರುತ್ತಿತ್ತು. ಕೊಳೆ ರೋಗ. ಆಳು ಕರೆದು ಮಳೆಯಲ್ಲೇ ಕೀಳಿಸಿದರು. ಚೆನ್ನಾಗಿದ್ದದ್ದನ್ನು ಆರಿಸಿ ಚೀಲಕ್ಕೆ ತುಂಬಿದರೂ, ಎರಡು ದಿನದಲ್ಲಿ ಚೀಲದ ಒಳಗೇ ಕೊಳೆ ಹಬ್ಬಿ ರಸ ಸೋರಲು ಶುರುವಾಯಿತು. ಶ್ರೀಕಾಂತ ಬಂದು ಚೀಲಕ್ಕೆ ಕೈ ಹಾಕಿ ನೋಡಿ, "ಇದನ್ನ ಯಾರೂ ಮುಟ್ಟಲ್ಲ ಅಣ್ಣ" ಎಂದ. ತಾನು ಮೊದಲೇ ಹೇಳಿದ್ದನ್ನು ಅವನು ಆಡಿ ತೋರಿಸಲಿಲ್ಲ, ಅಷ್ಟು ಒಳ್ಳೆಯವನು. ಇವರು ಆಳುಗಳಿಗೆ ಕೂಲಿ ಕೊಟ್ಟು, ನಾಳೆಯಿಂದ ಬರಬೇಡಿ ಎಂದರು. ಕೀಳದೆ ಉಳಿದದ್ದು ಅಲ್ಲೇ ಕೊಳೆಯಿತು. ಆ ವಾಸನೆ ಮನೆಯೊಳಗೆ ಬಾರದಿರಲೆಂದು ಕಿಟಕಿ ಹಾಕಿಕೊಂಡು ಕುಳಿತೆವು.

ಒಂದು ಬೆಳಿಗ್ಗೆ ಅತ್ತೆ ಕೊಡೆ ಹಿಡಿದು ಗದ್ದೆಯ ಅಂಚಿನಲ್ಲಿ ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಔಷಧಿಗೆ ಸತ್ತ ಎರೆಹುಳಗಳು ಕಾಲುವೆಯ ನೀರಿನಲ್ಲಿ ತೇಲುತ್ತಿದ್ದವು. "ಯಾರ ಬಾಯಿಗೂ ಬೀಳಲಿಲ್ಲ ನೋಡು" ಎಂದರು. "ಯಾರಾದ್ರೂ ತಿಂದಿದ್ರೆ ಇಷ್ಟು ಜೀವ ಹೋಗಿದ್ದಕ್ಕೆ ಒಂದು ಅರ್ಥ ಇರ್ತಿತ್ತು."

ದೀಪಾವಳಿಯ ಹೊತ್ತಿಗೆ ಟ್ರ್ಯಾಕ್ಟರ್ ಹೊಡೆಸಿ ಗದ್ದೆ ಸಮ ಮಾಡಿಸಿದರು. ಇವರು ಒಳಗೆ ಬಂದು, ಅಮ್ಮನ ಮುಖ ನೋಡದೆ, "ಅಮ್ಮಾ, ಗದ್ದೆ ಖಾಲಿಯಾಯ್ತು" ಎಂದರು. ಮಹಾವೀರ ಸ್ವಾಮಿ ಮೋಕ್ಷಕ್ಕೆ ಹೋದ ಆ ಹಬ್ಬದ ದಿನವೇ ನಿಯಮ ಮುಗಿಸುವುದೆಂದು ಅತ್ತೆ ಒಪ್ಪಿದರು. ನಾನು ಹೆಸರುಬೇಳೆ ಪಾಯಸ ಮಾಡಿದೆ. ತೆಂಗಿನಹಾಲು ಹಿಂಡಿ, ಒಳ್ಳೆಯ ಬೆಲ್ಲ ಹುಡುಕಿ ತಂದು ಮಾಡಿದೆ. ಇವರೇ ಬಟ್ಟಲಿಗೆ ಹಾಕಿ ಅಮ್ಮನ ಮುಂದಿಟ್ಟು, ಎದುರಿಗೆ ಕುಳಿತರು. ಅತ್ತೆ ಕೈಮುಗಿದು ಒಂದು ಚಮಚ ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದು ನುಂಗಿದರು. ಇನ್ನೊಂದು ಚಮಚ ತೆಗೆದುಕೊಂಡರು. ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಸಿಹಿ ಜಾಸ್ತಿಯಾಯ್ತಾ ಅತ್ತೆ?"

"ಇಲ್ಲ, ನೀನು ಸರಿಯಾಗೇ ಮಾಡಿದ್ದೀಯ. ನಂಗೇ ಯಾಕೋ ಸೇರ್ತಿಲ್ಲ. ಎಂತ ಮಾಡದು, ನಾಲಿಗೆ ಮರೆತಿದೆ."

ಮಾರನೇ ದಿನ ಸರಿಹೋದೀತು ಎಂದುಕೊಂಡೆವು. ಹೋಗಲಿಲ್ಲ. ಕಡುಬು ಮಾಡಿದರೂ ಅಷ್ಟೇ, ಹೋಳಿಗೆ ಮಾಡಿದರೂ ಅಷ್ಟೇ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಮ್ಮ ಸಮಾಧಾನಕ್ಕೆ ಚೆನ್ನಾಗಿದೆ ಎನ್ನುತ್ತಿದ್ದರು. ಇವರು ಪೇಟೆಗೆ ಹೋದಾಗಲೆಲ್ಲ ಬೇರೆ ಬೇರೆ ಅಂಗಡಿಯ ಸಿಹಿ ಕಟ್ಟಿಸಿಕೊಂಡು ಬರುತ್ತಿದ್ದರು. ಆ ಪೊಟ್ಟಣ ಬಿಚ್ಚುವಾಗ ಇವರ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು.

ಆಮೇಲೆ ಆಗುವುದೇ ಆಯಿತು. ಕೈಸುಟ್ಟುಕೊಂಡವರೆಲ್ಲ ಶುಂಠಿ ಬಿಟ್ಟಿದ್ದರಿಂದ ಮಾಲು ಕಡಿಮೆಯಾಗಿ, ಬೇಸಿಗೆಯ ಹೊತ್ತಿಗೆ ರೇಟು ಮತ್ತೆ ಎದ್ದು ಕುಳಿತಿತು. ಶ್ರೀಕಾಂತ ಬಿತ್ತನೆಗೆ ಒಳ್ಳೆಯ ಶುಂಠಿ ಇದೆ, ಬೇಕಾದರೆ ಎತ್ತಿಡುತ್ತೇನೆ ಎಂದು ಫೋನು ಮಾಡಿದ. ಕೊಳೆ ಬಂದ ಮಕ್ಕಿ ಗದ್ದೆಗೆ ಇನ್ನು ಕೆಲವು ವರ್ಷ ಶುಂಠಿ ಹಾಕುವಂತಿಲ್ಲ, ಆದರೆ ಅದರ ಮೇಲ್ಗಡೆಯ, ಹುಲ್ಲು ಬೆಳೆಯುವ ಬ್ಯಾಣ ಖಾಲಿ ಬಿದ್ದಿತ್ತು. ಇವರು ಎರಡು ದಿನ ಅತ್ತಿಂದಿತ್ತ ಓಡಾಡಿದರು. ಮೂರನೆಯ ದಿನ ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಮೂವರೂ ಕುಳಿತಾಗ, ಅನ್ನ ಕಲಸುತ್ತ, ಯಾರಿಗೂ ಹೇಳದವರ ಹಾಗೆ ಹೇಳಿದರು.

"ಮೇಲಿನ ಬ್ಯಾಣ ಸುಮ್ನೆ ಬಿದ್ದಿದೆ. ಈ ವರ್ಷ ಹಾಕೋರು ಕಮ್ಮಿ. ಈಗ ಹಾಕಿದ್ರೆ, ಹೋದದ್ದನ್ನ ತೆಗೀಬಹುದು."

ಅತ್ತೆ ಮತ್ತೆ ಬಸದಿಗೆ ಹೋಗುತ್ತಾರೆ, ಈ ಸಲ ಹಾಲು ಬಿಡುತ್ತಾರೋ ಉಪ್ಪು ಬಿಡುತ್ತಾರೋ ಎಂದು ಹೆದರಿದೆ. ನಿಜ ಹೇಳಬೇಕೆಂದರೆ ಇವರೂ ಅದನ್ನೇ ಕಾಯುತ್ತಿದ್ದರು. ಅಮ್ಮ ಏನಾದರೂ ಬಿಟ್ಟರೆ ತಾನೂ ಬಿಡುತ್ತೇನೆ ಎಂದು ಮನಸ್ಸಿನಲ್ಲೇ ನಿರ್ಧರಿಸಿಕೊಂಡಿದ್ದೆ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಅತ್ತೆ ಮಜ್ಜಿಗೆ ಹಾಕಿಸಿಕೊಂಡು ಉಣ್ಣುತ್ತಿದ್ದರು. ತಲೆ ಎತ್ತಲಿಲ್ಲ.

"ಹಾಕೋದಾದ್ರೆ ಹಾಕು ಧರಣ" ಎಂದರು. "ನನ್ನ ಮುಖ ನೋಡ್ಬೇಡ. ಬಿಡೋಕೆ ನನ್ಹತ್ರ ಇನ್ನು ಇಷ್ಟದ್ದು ಏನೂ ಉಳಿದಿಲ್ಲ."

ಇವರು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಕೈ ತೊಳೆದವರು ಒಳಗೆ ಬರಲಿಲ್ಲ, ಅಂಗಳದಲ್ಲಿ ನಿಂತೇ ಶ್ರೀಕಾಂತನಿಗೆ ಫೋನು ಮಾಡಿ ಬೀಜ ಬೇಡ ಎಂದರು. ಅವನು ಯಾಕೆ ಎಂದು ಕೇಳಿರಬೇಕು. ಇವರು ಫೋನನ್ನು ಕಿವಿಗೆ ಹಿಡಿದುಕೊಂಡೇ ಅಂಗಳದ ತುದಿಗೆ ನಡೆದರು. ಒಳಗೆ ಅತ್ತೆ ಊಟ ಮುಗಿಸಿ ಎದ್ದು, ಮಗ ಬಿಟ್ಟು ಹೋದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟರು.